ಇಂಜಿನ್ ಆರಿಸಿದ ಇಳಿಜಾರು

ಸೀರೆಯ ಅಂಚಿನಿಂದ ಉತ್ತರಾಣಿ ಬೀಜ ಕೀಳುತ್ತ ಕೂತಿದ್ದೇನೆ. ಒಂದು ಕಿತ್ತರೆ ಪಕ್ಕದಲ್ಲಿ ಇನ್ನೆರಡು. ಹೊನ್ನಾಳಿ ಪೇಟೆಯಿಂದ ಕೊತ್ತಂಬರಿ ಸೊಪ್ಪು ತರುವುದಕ್ಕೂ ಕಾರು ತೆಗೆಯುವ ನನ್ನಂಥವಳ ಸೀರೆಗೆ ಇವು ಅಂಟಿದ್ದು ಹೆಂಗೆ ಅಂತ ಕೇಳಿದರೆ, ನಮ್ಮ ಭಾವನ ಜಿಪುಣತನದಿಂದಲೇ ಶುರು ಮಾಡಬೇಕು. ಪುರುಸೊತ್ತಿದ್ದರೆ ಕೂತುಕೊಳ್ಳಿ.

ಭಾವ ಅಂದರೆ ಬಸವಾಪಟ್ಟಣದ ನಮ್ಮಕ್ಕನ ಯಜಮಾನರು. ಅವರಿಗೆ ಒಂದು ಹಳೇ ಕಾರು, ಪೆಟ್ರೋಲ್ ಮೇಲೆ ಎಲ್ಲಿಲ್ಲದ ಮಮತೆ. ಇಳಿಜಾರು ಕಂಡರೆ ಸಾಕು, ಇಂಜಿನ್ ಆರಿಸಿ ಕಾರನ್ನು ಅದರ ಪಾಡಿಗೆ ಉರುಳಲು ಬಿಡುತ್ತಿದ್ದರು. "ಒಂದು ದಿನ ಗುಂಡಿಗೆ ಹಾಕ್ತೀರಿ ನೀವು" ಅಂತ ಅಕ್ಕ ಬೈದರೆ, "ನಿನ್ನ ಬಾಯಿಗೂ ಹಿಂಗೇ ಒಂದು ಚಾವಿ ಇರಬೇಕಿತ್ತು" ಅಂತ ಅವರು ನಗುವರು. ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಮೂವರೂ ಜಗಳೂರು ಕಡೆಯ ಕೊಂಡುಕುರಿ ಕಾಡಿಗೆ ಹೋಗುತ್ತಿದ್ದೆವು. ದಾವಣಗೆರೆಯಲ್ಲಿ ಕಟ್ಟಿಸಿಕೊಂಡ ಮಂಡಕ್ಕಿ, ಮಿರ್ಚಿ ಕಾಡು ಮುಟ್ಟುವುದರೊಳಗೆ ಅರ್ಧ ಖಾಲಿ. ಖಾಲಿ ಮಾಡಿದವರು ಯಾರು ಅಂತ ಮಾತ್ರ ಕೇಳಬೇಡಿ.

ಆ ಕಾಡಿನ ನಡುವೆ ಒಂದು ಉದ್ದನೆಯ ಇಳಿಜಾರು. ಅಲ್ಲಿ ಭಾವ ಇಂಜಿನ್ ಆರಿಸಿದರೆ ಅಕ್ಕ ಯಾಕೋ ಬೈಯುತ್ತಿರಲಿಲ್ಲ. ಟೈರಿನ ಕೆಳಗೆ ಒಣಗಿದೆಲೆ ಮುರಿಯುವ ಸದ್ದು, ಕಿಟಕಿಯಲ್ಲಿ ಬಿಸಿಲಿಗೆ ಕಾದ ಹುಲ್ಲಿನ ವಾಸನೆ. ನಾವು ಮುಂದೆ ಹೋಗುತ್ತಿದ್ದೇವೋ, ಮರಗಳೇ ಹಿಂದಕ್ಕೆ ಸರಿಯುತ್ತಿವೆಯೋ ತಿಳಿಯದಂಥ ಜೊಂಪು. ಹಾಗೊಂದು ಸಲ ದಾರಿಯಲ್ಲೇ ಕೊಂಡುಕುರಿ ನಿಂತಿತ್ತು. ಆಡಿನಷ್ಟೇ ಜೀವ, ತಲೆ ಮೇಲೆ ನಾಲ್ಕು ಕೊಂಬು. ನಮ್ಮನ್ನು ನೋಡಿತು, ಗಾಬರಿಯಾಗದೆ ಪೊದೆಯೊಳಗೆ ಸರಿಯಿತು. ಅಕ್ಕ ಭಾವನ ಕೈ ಹಿಡಿದುಕೊಂಡಿದ್ದಳು. ಹಿಂದಿನ ಸೀಟಿನಲ್ಲಿದ್ದ ನಾನು ನೋಡದವಳಂತೆ ಮಂಡಕ್ಕಿ ತಿಂದೆ.

ಭಾವ ತೀರಿಕೊಂಡ ಮೇಲೆ ಅಕ್ಕನನ್ನು ಕರೆದೊಯ್ಯುವ ಕೆಲಸ ನನ್ನ ಪಾಲಿಗೆ ಬಂತು. ಅವಳಿಗೆ ಮಂಡಿನೋವು, ಅಂಗಳ ದಾಟುವುದೇ ಕಷ್ಟ. ಆದರೂ ವರ್ಷಕ್ಕೊಮ್ಮೆ ಆ ಇಳಿಜಾರು ಬೇಕೇಬೇಕು. ಇಂಜಿನ್ ಆರಿಸುವ ಧೈರ್ಯ ನನಗಿಲ್ಲ. ಸದ್ದು ಮಾಡಿಕೊಂಡೇ ಇಳಿಯುತ್ತಿದ್ದೆವು.

ಈ ವರ್ಷ, ಕಾಡಿನೊಳಗೆ ಇನ್ನು ಕಾರು ಬಿಡುವುದಿಲ್ಲ, ಗೇಟಿನಿಂದ ನಡೆದೇ ಹೋಗಬೇಕು ಅನ್ನುವ ಸುದ್ದಿ ಬಂತು. ಜನರ ಅಭಿಪ್ರಾಯ ಕೇಳಲು ಅರಣ್ಯ ಇಲಾಖೆಯ ಸಾಹೇಬರು ಸಭೆ ಕರೆದಿದ್ದರು. ಅಕ್ಕನನ್ನೂ ಕೂರಿಸಿಕೊಂಡು ಹೋದೆ. "ಕಾರು ನಿಂತ್ರೆ ನಮ್ಮ ವ್ಯಾಪಾರಾನೂ ನಿಂತಂಗೆ" ಅಂದ ಗೇಟಿನ ಬಳಿಯ ಚಹಾ ಅಂಗಡಿಯವನು. "ಮೊನ್ನೆ ಕಾರಿಗೆ ಸಿಕ್ಕು ಕೊಂಡುಕುರಿ ಮರಿ ಸತ್ತೈತೆ, ಅದರ ಪರವಾಗಿ ಮಾತಾಡಾಕೆ ಯಾರಿದಾರೆ?" ಅಂದಳು ಕಾಡಂಚಿನ ಊರಿನ ಒಬ್ಬ ಹೆಂಗಸು. ನಾನು ಸೆರಗು ಸಿಕ್ಕಿಸಿ ಎದ್ದೆ. "ನಡೆಯಾಕೆ ಆಗದವರು ಏನ್ ಮಾಡಬೇಕ್ರಿ? ನಮ್ಮಕ್ಕನ್ನ ನೋಡ್ರಿ" ಅಂದೆ. ಎಲ್ಲರೂ ಅಕ್ಕನ ಕಾಲು ನೋಡಿದರು. ಸಾಹೇಬರು, ಇಂಥವರಿಗೆ ಬೇರೆ ಪಾಸ್ ಕೊಡೋಣ ಅಂದರು. ಗೆದ್ದೆ ಅಂದುಕೊಂಡು ಕೂತೆ.

ಅಕ್ಕ ಕುರ್ಚಿಯಿಂದಲೇ ಹೇಳಿದಳು: "ನನ್ನ ಹೆಸರಲ್ಲಿ ಗೇಟು ತೆಗೀಬ್ಯಾಡ್ರಿ ಸಾರ್. ನನ್ನದೊಂದು ಕಾರು ಬಿಟ್ರೆ, ಅದರ ಹಿಂದೆ ಜಿಲ್ಲೆಯ ಮಂಡಿನೋವೆಲ್ಲ ಸಾಲಾಗಿ ಬರ್ತಾವೆ."

ಜನ ನಕ್ಕರು. ನನಗೆ ಮೈ ಉರಿದುಹೋಯಿತು. ವಾಪಸು ಬರುವಾಗ ಜಗಳೂರು ದಾಟಿದ ಮೇಲೆ ತಡೆಯಲಾಗದೆ, "ಇನ್ನು ಆ ಇಳಿಜಾರಿಗೆ ನೀನು ಹೋಗಾಕೆ ಆಗಲ್ಲ, ಗೊತ್ತೈತಾ?" ಅಂದೆ.

"ಗೊತ್ತೈತೆ" ಅಂದಳು. ಮುಖ ಕಿಟಕಿ ಕಡೆಗಿತ್ತು.

ಕಾರುಗಳಿಗೆ ಗೇಟು ಮುಚ್ಚಿಯೇ ಬಿಟ್ಟರು. ಆದರೂ ನಿನ್ನೆ ಅವಳೇ, ಕಾಡಿಗೆ ಹೊರಡು ಅಂದಳು. ಗೇಟಿನ ಹತ್ತಿರ ಕಾರು ನಿಲ್ಲಿಸಿ, ಅವಳ ಕಡೆಯ ಬಾಗಿಲು ತೆಗೆದಿಟ್ಟೆ. "ನೀನು ಹೋಗಿ ಬಾ" ಅಂದಳು. ಮದುವೆಮನೆಯಲ್ಲಿ ಊಟದ ಪಂಕ್ತಿಯಿಂದ ಎಲೆಅಡಿಕೆ ತಟ್ಟೆಯ ತನಕ ಬಿಟ್ಟರೆ ಎಲ್ಲೂ ನಡೆಯದ ನಾನು, ಏದುಸಿರು ಬಿಡುತ್ತ ಇಳಿಜಾರಿನ ತಲೆಗೆ ಹೋಗಿ ನಿಂತೆ. ಕೊಂಡುಕುರಿ ಕಾಣಲಿಲ್ಲ. ಆದರೆ ದಾರಿ ಭಾವನ ಕಾಲದಲ್ಲಿ ಇದ್ದ ಹಾಗೇ, ಒಂದು ಎಲೆ ಬಿದ್ದರೂ ಕೇಳುವಷ್ಟು ಸುಮ್ಮನಿತ್ತು. ಅಕ್ಕನನ್ನು ಬಿಟ್ಟು ನಾನೊಬ್ಬಳೇ ಅದನ್ನು ಕೇಳುತ್ತಿದ್ದೇನಲ್ಲ ಅನ್ನಿಸಿತು. ಬೇಗ ಬೇಗ ವಾಪಸು ಬಂದೆ.

ಅಕ್ಕ ಕಾಡಿನ ಕಡೆ ಕಾಲು ಚಾಚಿ, ಖಾಲಿ ಡ್ರೈವರ್ ಸೀಟಿನ ಮೇಲೆ ಕೈಯಿಟ್ಟು ಕೂತಿದ್ದಳು. ಕಣ್ಣು ಒದ್ದೆಯಾಗಿತ್ತು, ಮುಖ ಮಾತ್ರ ನಗುತ್ತಿತ್ತು.

"ಏನೂ ಕಾಣಲಿಲ್ಲಕ್ಕ" ಅಂದೆ.

"ಇಷ್ಟು ಬೇಗ ಯಾಕೆ ಬಂದೆ? ಇನ್ನೊಂದ್ಸಲ ಹೋಗು. ನಿಮ್ಮ ಭಾವನ ಹತ್ರ ನನ್ನ ಮಾತು ಇನ್ನೂ ಮುಗಿದಿಲ್ಲ."

ನಾನು ತಿರುಗಿ ನಡೆದೆ. ಈ ಸಲ ಇಳಿಜಾರಿನ ಕೊನೆಯ ತನಕ ಹೋದೆ.