ಜವರಿಯ ಅಜ್ಜಿಗೆ ನಾನು ಹೇಳಿದ ಮಾತು

ಜವರಿಯನ್ನು ಓಟದಿಂದ ಬಿಡಿಸಿದವಳು ನಾನು. ಅವಳ ಅಜ್ಜಿಯಲ್ಲ, ಸೋದರಮಾವನಲ್ಲ, ಊರಿನವರೂ ಅಲ್ಲ — ನಾನು. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ನಿಮ್ಮ ತಾತನಿಗೂ ಹೇಳಲಿಲ್ಲ. ಹೇಳಿದ್ದರೆ ಅವರೇನೂ ಸಿಟ್ಟಾಗುತ್ತಿರಲಿಲ್ಲ. ಆದರೂ ಪ್ರತಿ ಸಲ ಮಾತು ನಾಲಿಗೆಯವರೆಗೆ ಬಂದು ನಿಂತುಬಿಡುತ್ತಿತ್ತು. ಈಗ ಅವರೂ ಇಲ್ಲ.

ಮಕ್ಕಳೇ, ಅಜ್ಜಿಗೆ ನಾಲ್ಕು ಜನರ ಮುಂದೆ ಮಾತು ಬರುವುದಿಲ್ಲ ಎಂದು ನೀವು ನಗುತ್ತೀರಿ. ನಿಜವೇ. ನೆಂಟರು ಬಂದರೆ ಅಡುಗೆಮನೆ ಸೇರುವವಳು ನಾನು. ಅಂಥವಳು ಒಂದು ಸಲ, ಯಾರೂ ಕೇಳದೆ, ನಾನಾಗಿಯೇ ಹೋಗಿ ಒಂದು ಮಾತು ಆಡಿದೆ. ಅದನ್ನು ಎದುರಿಗೆ ಕೂತು ಹೇಳುವ ಧೈರ್ಯ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬೆಟ್ಟದಪುರದ ಹತ್ತಿರದ ನನ್ನ ತವರೂರಿನಲ್ಲಿ ಏಳನೇ ತರಗತಿವರೆಗೆ ಶಾಲೆ ಇತ್ತು. ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಹುಡುಗಿಯರಿಗೆ ಆಟ ಎಂದರೆ ಕುಂಟಾಬಿಲ್ಲೆ, ಅಚ್ಚಿನಕಲ್ಲು, ಅಷ್ಟೇ. ಹೊಸದಾಗಿ ಬಂದ ಡ್ರಿಲ್ ಮೇಷ್ಟ್ರು ನಮ್ಮನ್ನೂ ಓಡಿಸತೊಡಗಿದರು. ಶಾಲೆಯ ಮುಂದೆ ಬಯಲು, ಬಯಲಿನ ಕೊನೆಗೆ ಬಸವಣ್ಣನ ಗುಡಿ. ಅವರೇ ಬೂದಿಯಲ್ಲಿ ಗೆರೆ ಎಳೆದು, ಲಂಗ ಎತ್ತಿ ಸಿಕ್ಕಿಸಿಕೊಂಡು ಓಡಿ ಅನ್ನುತ್ತಿದ್ದರು. ಮೊದಲಿಗೆ ನಮ್ಮ ಅವ್ವಂದಿರು ಬೈದರು. ಆಮೇಲೆ ಜವರಿ ಓಡುವುದನ್ನು ನೋಡಿದರು, ಬೈಯುವುದು ನಿಂತಿತು.

ಜವರಿಗೆ ಅವ್ವ ಇರಲಿಲ್ಲ. ಅಪ್ಪ ಬೇರೆ ಮದುವೆಯಾಗಿ ಹುಣಸೂರಿನ ಕಡೆ ಇದ್ದ. ಅಜ್ಜಿ ಸಾಕುತ್ತಿದ್ದಳು. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಗೋಡೆ, ಅಷ್ಟೇ. ಅವಳು ಉದ್ದ ಇರಲಿಲ್ಲ, ದಪ್ಪವೂ ಇರಲಿಲ್ಲ. ಬಾಯಿ ಮುಚ್ಚಿಕೊಂಡು, ಹೆಬ್ಬೆರಳನ್ನು ಮುಷ್ಟಿಯೊಳಗೆ ಹಿಡಿದು ಓಡುತ್ತಿದ್ದಳು. ಗೆರೆ ದಾಟಿದರೂ ನಿಲ್ಲುತ್ತಿರಲಿಲ್ಲ. ಗುಡಿಯ ಮೆಟ್ಟಿಲು ಮುಟ್ಟಿ, ತಿರುಗಿ, ಇನ್ನೂ ಓಡುತ್ತಿದ್ದ ನಮ್ಮನ್ನು ನೋಡಿ ನಗುತ್ತಿದ್ದಳು. ಅದು ಹಮ್ಮಿನ ನಗು ಅಲ್ಲ. ಆದರೆ ಆಗ ನನಗೆ ಹಾಗೆ ಕಾಣುತ್ತಿತ್ತು.

ಹೋಬಳಿ ಪಂದ್ಯದಲ್ಲಿ ಅವಳು ಗೆದ್ದಾಗ ಪಟೇಲರು ತಾವೇ ಬಯಲಿಗೆ ಬಂದು, "ನಮ್ಮೂರ ಹೆಣ್ಮಗ ಕಣ್ರಯ್ಯ!" ಅಂದರು. ಅವತ್ತಿನಿಂದ ಹುಡುಗಿಯರು ಓಡುವುದಕ್ಕೆ ಊರಿನಲ್ಲಿ ಯಾರ ತಕರಾರೂ ಇರಲಿಲ್ಲ. ಪಕ್ಕದ ಊರಿನವರು ಹೊಗೆಸೊಪ್ಪಿನ ಗಾಡಿ ನಿಲ್ಲಿಸಿಕೊಂಡು ನೋಡುತ್ತಿದ್ದರು. ಅದೆಲ್ಲ ಅವಳಿಂದಲೇ ಬಂದದ್ದು. ಇದನ್ನು ನಾನು ಮರೆಯಬಾರದು — ಆಗ ಮರೆತೆ.

ಯಾಕೆಂದರೆ ಇನ್ನೊಂದೂ ಆಗುತ್ತಿತ್ತು. ಹುಡುಗಿಯರು ಒಬ್ಬೊಬ್ಬರೇ ಬಿಡುತ್ತಿದ್ದರು. ಓಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಜಗಲಿ ಮೇಲೆ ಕೂತ ಗಂಡುಹುಡುಗರು, "ಮೊದಲ್ನೇದು ಜವರಿದು ಕಣ್ರಮ್ಮಿ, ನೀವು ಎಲ್ಡನೇದುಕ್ಕೆ ಕಿತ್ತಾಡ್ಕಳಿ!" ಎಂದು ಕೂಗುತ್ತಿದ್ದರು. ಮೇಷ್ಟ್ರ ಕಣ್ಣೂ ಅವಳ ಮೇಲೆಯೇ. ಮೊದಲೆಲ್ಲ ನನ್ನ ಕೈ ಹೀಗಿರಲಿ, ತಲೆ ಹಾಗಿರಲಿ ಎಂದು ಹೇಳಿಕೊಡುತ್ತಿದ್ದವರು ಬರುಬರುತ್ತಾ ನಾನು ಬಂದಿದ್ದೇನೋ ಇಲ್ಲವೋ ನೋಡುತ್ತಲೂ ಇರಲಿಲ್ಲ. ಕೊನೆಗೆ ಉಳಿದವಳು ನಾನೊಬ್ಬಳೇ. ಅವಳ ಪಕ್ಕದಲ್ಲಿ ಓಡುವುದಕ್ಕೆ ಯಾರಾದರೂ ಬೇಕಿತ್ತಲ್ಲ.

ಸಿಂಚನಾ, ಮೊನ್ನೆ ಊಟಕ್ಕೆ ಕೂತಾಗ ನೀನು ನಿಮ್ಮ ಶಾಲೆಯ ಯಾವುದೋ ಹುಡುಗಿಯ ವಿಷಯ ಹೇಳುತ್ತಿದ್ದೆ. "ಎಲ್ಲ ಪ್ರೈಜೂ ಅವಳಿಗೇ ಅಜ್ಜಿ. ಅವಳೊಬ್ಳನ್ನ ತೆಗೆದುಬಿಟ್ರೆ ನಮಗೂ ಆಡಬೇಕು ಅನ್ಸುತ್ತೆ" ಅಂದೆ. ನಾನು ಮಜ್ಜಿಗೆ ತರುವ ನೆಪದಲ್ಲಿ ಎದ್ದು ಹೋದೆ. ನಿನ್ನದು ತಪ್ಪು ಎಂದು ಹೇಳುತ್ತಿಲ್ಲ ಮಗಳೇ. ನಾನೂ ಅದನ್ನೇ ಅಂದುಕೊಂಡವಳು. ಅಂದುಕೊಂಡು ಸುಮ್ಮನಿರಲಿಲ್ಲ, ಅಷ್ಟೇ.

ಏಳನೇ ತರಗತಿಯ ಆ ವರ್ಷ ಹೊಗೆಸೊಪ್ಪು ಮುರಿಯುವ ಕಾಲದಲ್ಲಿ ಜವರಿ ನನ್ನನ್ನು ಕಾಲುವೆಯ ಹತ್ತಿರ ಕರೆದುಕೊಂಡು ಹೋದಳು. ತಾನು ದೊಡ್ಡವಳಾಗಿದ್ದೇನೆ ಎಂದಳು. ಹೆದರಿದ್ದಳು, ಮುಖದಲ್ಲಿ ನಗುವೂ ಇತ್ತು.

"ಯಾರ್ಗೂ ಹೇಳ್ಬ್ಯಾಡ ಕಣಮ್ಮಿ. ಪಿರಿಯಾಪಟ್ಟಣದ ಪಂದ್ಯ ಒಂದು ಮುಗ್ದೋಗ್ಲಿ. ಆಮೇಲೆ ಅಜ್ಜಿಗೆ ನಾನೇ ಹೇಳ್ತೀನಿ."

ನಿಮಗೆ ಇದು ಅರ್ಥವಾಗುವುದು ಕಷ್ಟ. ನಮ್ಮಲ್ಲಿ ಹುಡುಗಿ ದೊಡ್ಡವಳಾದಳೆಂದರೆ ಸೋದರಮಾವ ಬಂದು ಹಸಿ ಸೊಪ್ಪಿನ ಗುಡ್ಲು ಹಾಕುತ್ತಿದ್ದ. ಅದರೊಳಗೆ ಅವಳನ್ನು ಕೂರಿಸಿ, ಕೊಬ್ಬರಿ, ಬೆಲ್ಲ, ಎಳ್ಳುಂಡೆಯಂಥ ಚಿಗಳಿ ತಿನ್ನಿಸಿ, ಒಸಗೆ ಮಾಡುತ್ತಿದ್ದರು. ಹಾಡು, ಆರತಿ, ಸಂಭ್ರಮ ಎಲ್ಲ ಇರುತ್ತಿತ್ತು. ಗುಡ್ಲಿನಿಂದ ಎದ್ದು ಬಂದವಳು ಮಾತ್ರ ಶಾಲೆಗೆ ಹೋಗುತ್ತಿರಲಿಲ್ಲ. ಬಯಲಿನಲ್ಲಿ ಲಂಗ ಎತ್ತಿ ಕಟ್ಟಿ ಓಡುವುದಂತೂ ದೂರದ ಮಾತು. ಮೇಷ್ಟ್ರು ಜವರಿಗೆ ಒಂದು ಆಸೆ ಹುಟ್ಟಿಸಿದ್ದರು. ತಾಲ್ಲೂಕಿನಲ್ಲಿ ಗೆದ್ದರೆ ಮೈಸೂರಿನಲ್ಲಿ ಹಾಸ್ಟೆಲ್ ಇರುವ ಶಾಲೆಗೆ ಸೇರಿಸಲು ಓಡಾಡುತ್ತೇನೆ, ಓದು, ಊಟ, ಓಟ ಎಲ್ಲ ಅಲ್ಲೇ ಎಂದಿದ್ದರು. ಅವಳಿಗೆ ಇದ್ದ ದಾರಿ ಅದೊಂದೇ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ನಾನು ಆಯಿತು ಅಂದೆ. ಅವಳು ಬಟ್ಟೆ ಒಗೆಯುವಾಗ ಕಾಲುವೆ ಏರಿಯ ಮೇಲೆ ನಿಂತು ಕಾವಲು ಕಾದೆ. ಆಗ ಅವಳು ನನ್ನವಳು ಅನ್ನಿಸಿತ್ತು. ಓಟದಲ್ಲಿ ಸಮವಾಗದ ನಾವು ಆ ಗುಟ್ಟಿನಲ್ಲಿ ಸಮವಾಗಿದ್ದೆವು.

ಪಂದ್ಯಕ್ಕೆ ಸ್ವಲ್ಪ ದಿನ ಇದೆ ಅನ್ನುವಾಗ ಮೇಷ್ಟ್ರು, ಜವರಿಯೊಬ್ಬಳನ್ನೇ ಕರೆದುಕೊಂಡು ಹೋಗುತ್ತೇನೆ ಎಂದರು. ನಾನು ಅಲ್ಲೇ ನಿಂತಿದ್ದೆ. ನನ್ನ ಕಡೆ ತಿರುಗಿ, "ಅವ್ಳು ಓಡೋ ಕಡೆ ನಿನಗೇನಮ್ಮ ಕೆಲಸ?" ಎಂದು ನಕ್ಕರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಜವರಿ ಮಾತ್ರ ನಗಲಿಲ್ಲ.

"ಇವ್ಳೂ ಬರ್ಲಿ ಸಾ, ಪಾಪ," ಅಂದಳು.

ಆ ಪಾಪ ಅನ್ನುವ ಮಾತು… ಮೇಷ್ಟ್ರ ನಗುವನ್ನು ಅವತ್ತೇ ಮರೆತೆ, ಇದನ್ನು ಮರೆಯಲಾಗಲಿಲ್ಲ. ಇವಳೊಬ್ಬಳು ಇಲ್ಲದಿದ್ದರೆ ಎಲ್ಲರೂ ಮತ್ತೆ ಬಯಲಿಗೆ ಬರುತ್ತಾರೆ, ಎಲ್ಲರೂ ಓಡುತ್ತಾರೆ ಎಂದು ಮನಸ್ಸಿನಲ್ಲೇ ಹೇಳಿಕೊಂಡೆ. ಇನ್ನೊಂದು ಕಾರಣವನ್ನೂ ಹುಡುಕಿಕೊಂಡೆ. ಮೈಲಿಗೆಯಲ್ಲಿ ಬಸವಣ್ಣನ ಮೆಟ್ಟಿಲು ಮುಟ್ಟುತ್ತಾಳೆ, ಅದನ್ನು ಮುಚ್ಚಿಟ್ಟ ಪಾಪ ನನಗೂ ತಟ್ಟುತ್ತದೆ… ದೇವರ ಹೆದರಿಕೆ ಇತ್ತು, ಸುಳ್ಳಲ್ಲ. ಆದರೆ ನನ್ನನ್ನು ಎಬ್ಬಿಸಿ ನಡೆಸಿದ್ದು ಆ ಹೆದರಿಕೆಯಲ್ಲ. ಹೊಟ್ಟೆಕಿಚ್ಚು.

ಮಾರನೆಯ ದಿನ ಜವರಿ ಬಯಲಿನಲ್ಲಿ ಓಡುತ್ತಿದ್ದ ಹೊತ್ತಿಗೆ ಅವಳ ಅಜ್ಜಿ ಹೊಗೆಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ನಿನ ಮುಂದಿನ ಚಪ್ಪರದಲ್ಲಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಾ ಕೂತಿದ್ದಳು. ಉಳಿದ ಹೆಂಗಸರು ಊಟಕ್ಕೆ ಹೋಗಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತು ಎಲೆ ಜೋಡಿಸಿಕೊಡತೊಡಗಿದೆ.

"ಯಾಕವ್ವ, ಜವರಿ ಜೊತೆ ಓಗ್ನಿಲ್ವಾ?" ಅಂದಳು.

"ಅಜ್ಜಿ, ಜವರಿ ದೊಡ್ಡೋಳಾಗವ್ಳೆ. ನಾನು ಹೇಳ್ದೆ ಅಂತ ಹೇಳ್ಬ್ಯಾಡ."

ಅಷ್ಟೇ ನಾನು ಆಡಿದ್ದು.

ಅಜ್ಜಿ ಬೆಚ್ಚಿಬೀಳಲಿಲ್ಲ. ಕೈಯಲ್ಲಿದ್ದ ಎಲೆಗಳನ್ನು ಕಟ್ಟಿ ಮುಗಿಸಿದಳು. ಕೈಗೆ ಹತ್ತಿದ ಕಪ್ಪು ಅಂಟನ್ನು ಸೆರಗಿಗೆ ಒರೆಸಿದಳು. ಆಮೇಲೆ ನನ್ನ ಮುಖ ನೋಡಿದಳು.

"ನಂಗೊತ್ತು ಕಣವ್ವ. ಕಂಡಿದ್ದೆ. ಮಗ ಒಂದು ಸಲ ಓಡ್ಕಂಡು ಬರ್ಲಿ ಅಂತ ಕಾಣ್ದೋಳಂಗೆ ಇದ್ದೆ," ಅಂದಳು. ಇನ್ನೊಂದು ಕಡ್ಡಿ ಕೈಗೆತ್ತಿಕೊಂಡಳು. "ಈಗ ನಿನ್ ಬಾಯಿಗೆ ಬಂತು. ನಾಳೆ ಊರ್ ಬಾಯಿಗೆ ಬತ್ತದೆ. ಮುಚ್ಚಿಟ್ಲು ಅಂದ್ರೆ ನಾಳಿಕೆ ಇವ್ಳ ಯಾರ್ ತಗೊಂಡಾರು? ಇನ್ನು ನಾನು ಕಾಣ್ದೋಳಂಗೆ ಇರಕಾಗಕಿಲ್ಲ."

"ಊರಿಗೆ ಹೇಳಕಿಲ್ಲ ಅಜ್ಜಿ," ಅಂದೆ. ನನಗೇ ಕೇಳಿಸದಷ್ಟು ಮೆಲ್ಲಗೆ.

"ಇವತ್ತು ನಂಗೆ ಹೇಳ್ದಲ್ಲ ಮಗ," ಅಂದಳು ಅಜ್ಜಿ. "ಓಗು. ನಿನ್ ಎಸ್ರು ಎತ್ತಕಿಲ್ಲ ಬುಡು."

ಅವಳು ಎತ್ತಲಿಲ್ಲ.

ಸೋದರಮಾವ ಬಂದ, ಗುಡ್ಲು ಎದ್ದಿತು. ಗೆಳತಿ ಅಂತ ನನ್ನ ಕೈಗೇ ಆರತಿ ತಟ್ಟೆ ಕೊಟ್ಟರು. ನಾನು ಬಗ್ಗಿ ಒಳಗೆ ಹೋದೆ. ಜವರಿ ಮೊಣಕಾಲು ತಬ್ಬಿಕೊಂಡು ಕೂತಿದ್ದಳು. ಅಜ್ಜಿ ಚಿಗಳಿ ಹಿಡಿದು ಬಂದರೆ ಬಾಯಿ ಬಿಗಿದು ಮುಖ ತಿರುಗಿಸಿದಳು. ಅದೇ ಚಿಗಳಿಯನ್ನು ನಾನು ಕೊಟ್ಟೆ, ತಿಂದಳು. ನನ್ನ ಕಿವಿಯಲ್ಲಿ, "ಅಜ್ಜಿನೇ ಕಣಮ್ಮಿ, ಕದ್ದು ನೋಡವ್ಳೆ. ಸಾಯಗಂಟ ಅವಳ ಮಾತಾಡ್ಸಕಿಲ್ಲ," ಅಂದಳು. ಅಜ್ಜಿ ಅಲ್ಲೇ, ಗುಡ್ಲಿನ ಬಾಯಲ್ಲಿ ನಿಂತಿದ್ದಳು. ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೆ ಹೇಳಿಬಿಡುತ್ತಿದ್ದೆನೋ ಏನೋ — ಇಲ್ಲ, ಹೇಳುತ್ತಿರಲಿಲ್ಲ. ಇಲ್ಲಿ ಸುಳ್ಳು ಬರೆಯಬಾರದು.

ಪಿರಿಯಾಪಟ್ಟಣಕ್ಕೆ ಮೇಷ್ಟ್ರು ನನ್ನನ್ನು ಕರೆದುಕೊಂಡು ಹೋದರು. ನಾನು ಬೇಡಿದ್ದೇ ಆಗಿತ್ತು. ಗೆರೆಯ ಮೇಲೆ ನಿಂತೆ, ಪೀಪಿ ಊದಿದರು, ಓಡಿದೆ. ನನ್ನ ಮುಂದೆ ಯಾರೋ ಹುಡುಗಿಯರ ಬೆನ್ನುಗಳು, ಹಿಂದೆಯೂ ಯಾರೋ. ಯಾರನ್ನು ಹಿಡಿಯಬೇಕು ಎಂದೇ ಗೊತ್ತಾಗಲಿಲ್ಲ. ನಾನು ಅಷ್ಟು ದಿನ ಓಡಿದ್ದೆಲ್ಲ ಜವರಿಯ ಬೆನ್ನು ನೋಡಿಕೊಂಡು. ಆ ಬೆನ್ನು ಇಲ್ಲದೆ ನನ್ನ ಕಾಲಿಗೆ ಓಟ ಇರಲಿಲ್ಲ. ಸೋತು ಬರುವಾಗ ಬಸ್ಸಿನಲ್ಲಿ ಮೇಷ್ಟ್ರು ಬೇರೆ ಸೀಟಿನಲ್ಲಿ ಹೋಗಿ ಕೂತರು.

ಬಿಟ್ಟುಹೋದ ಹುಡುಗಿಯರು ಬಯಲಿಗೆ ವಾಪಸ್ಸು ಬರಲಿಲ್ಲ. ನೋಡಲು ಗಾಡಿಗಳು ನಿಲ್ಲಲಿಲ್ಲ. ನಮ್ಮ ಅವ್ವಂದಿರಿಗೆ ಬೈಯಲು ಬಾಯಿ ಬಂತು. ಮೇಷ್ಟ್ರಿಗೆ ಬೇರೆ ಊರಿಗೆ ವರ್ಗವಾಯಿತು. ಅವಳೊಬ್ಬಳು ಎಲ್ಲರ ಗೆಲುವನ್ನೂ ತಿಂದಳು ಅನ್ನುತ್ತಿದ್ದೆನಲ್ಲ, ಅವಳು ಹೋದ ಮೇಲೆ ಗೆಲ್ಲುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ. ಹಾಗೆಂದು ಅವಳಿಂದ ಯಾರಿಗೂ ನೋವಾಗಲಿಲ್ಲ ಎಂದೂ ಹೇಳಲಾರೆ. ಆ ಹುಡುಗಿಯರು ತಲೆ ತಗ್ಗಿಸಿ ಮನೆಗೆ ಹೋದದ್ದು ನಿಜ. ನಾನೂ ನೊಂದದ್ದು ನಿಜ. ಆದರೆ ಅದಕ್ಕೆ ಮೇಷ್ಟ್ರನ್ನು ಕೇಳಬಹುದಿತ್ತು, ನಮಗೂ ಹೇಳಿಕೊಡಿ ಸಾ ಅನ್ನಬಹುದಿತ್ತು. ಬಾಯಿ ಬಾರದ ನಾನು ಅದೊಂದನ್ನು ಕೇಳಲಿಲ್ಲ. ಬಾಯಿ ಬಿಟ್ಟದ್ದು ಚಪ್ಪರದ ಕೆಳಗೆ.

ಜವರಿಯನ್ನು ಎಚ್.ಡಿ. ಕೋಟೆ ಕಡೆಯ ಒಂದು ಹಳ್ಳಿಗೆ ಕೊಟ್ಟರು. ಅಜ್ಜಿ ಒಂಟಿಯಾದಳು. ಬೀದಿಯಲ್ಲಿ ನಾನು ಎದುರಾದರೆ, "ಚೆಂದಾಗಿದ್ದೀಯಾ ಮಗ?" ಅನ್ನುತ್ತಿದ್ದಳು. ಅದಕ್ಕಿಂತ ಹೆಚ್ಚು ಒಂದು ಮಾತಿಲ್ಲ. ನನ್ನ ಮದುವೆಯಾದ ಮೇಲೆ ತೀರಿಕೊಂಡಳು.

ಆಗ ನಿಮ್ಮಪ್ಪ ಇನ್ನೂ ಕಂಕುಳ ಕೂಸು. ನಾನು ಕೋಟೆ ಹತ್ತಿರದ ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಹಿಂದಿನಿಂದ ಯಾರೋ ಬೆನ್ನಿಗೆ ಗುದ್ದಿದರು. ತಿರುಗಿದರೆ ಜವರಿ. ತೆಳ್ಳಗಾಗಿದ್ದಳು, ಮಾತು ಮಾತ್ರ ಹಾಗೆಯೇ.

"ಏನಮ್ಮಿ, ಗುರ್ತೇ ಸಿಕ್ಕಕಿಲ್ವಾ? ನನ್ ಹಿಂದ್ಗಡೆನೇ ನೋಡಿದ್ದೋಳಲ್ವಾ ನೀನು, ಮುಖ ಎಂಗೆ ಗೊತ್ತಾದಾತು!"

ಇಬ್ಬರೂ ನಕ್ಕೆವು. ಅವಳು ಚೀಲದಿಂದ ಕಡಲೆಕಾಯಿ ತೆಗೆದು ನನ್ನ ಸೆರಗಿಗೆ ಸುರಿದಳು. ಮಕ್ಕಳು, ಹೊಲ, ಅತ್ತೆ ಎಲ್ಲ ಹೇಳಿದಳು. ಆಮೇಲೆ ಅಜ್ಜಿಯ ಮಾತು ಬಂತು.

"ಮಣ್ಣಿಗೂ ನಾನು ಓಗ್ನಿಲ್ಲ ಕಣಮ್ಮಿ. ಏಳ್ಕಳಿಸಿದ್ರು, ಓಗ್ನಿಲ್ಲ. ಒಂದಿಷ್ಟು ದಿನ ತಡ್ಕಂಡಿದ್ರೆ ಅವ್ಳ ಗಂಟೇನು ಓಗ್ತಿತ್ತು?" ಎಂದು ಕಡಲೆಕಾಯಿ ಸಿಪ್ಪೆ ಊದಿದಳು. "ನೀನೊಬ್ಳೆ ಬುಡು. ಎಲ್ಲ ಗೊತ್ತಿದ್ದೂ ಬಾಯಿ ಬುಡ್ನಿಲ್ಲ."

ಅವಳ ಬಸ್ಸು ಬಂತು. ಕಂಡಕ್ಟರ್ ಬೇಗ ಬೇಗ ಎಂದು ಕೂಗಿದ. "ಓಡೋ ಕಾಲ ಮುಗೀತು ಕಣಯ್ಯ, ನಿಲ್ಸ್ಕ!" ಎಂದು ಕೂಗಿ, ನಿಧಾನವಾಗಿ ನಡೆದು ಹೋಗಿ ಹತ್ತಿದಳು. ನನ್ನ ಬಾಯಲ್ಲಿ ಕಡಲೆಕಾಯಿ ಇತ್ತು. ಅಗಿದೆ, ನುಂಗಿದೆ.

ಚಪ್ಪರದಲ್ಲಿ ಆಡಿದಾಗ ನಾನು ಹುಡುಗಿ ಎಂದು ನೀವು ಅನ್ನಬಹುದು. ಹ್ಯಾಂಡ್‌ಪೋಸ್ಟಿನಲ್ಲಿ ನಾನು ಹುಡುಗಿಯಾಗಿರಲಿಲ್ಲ. ಕೂಸೆತ್ತಿಕೊಂಡ ಹೆಂಗಸು. ಮೊದಲನೆಯ ಸಲ ಅವಳ ಓಟ ಕಿತ್ತುಕೊಂಡೆ. ಎರಡನೆಯ ಸಲ ಅವಳ ಅಜ್ಜಿಯನ್ನೇ ಕಿತ್ತುಕೊಂಡೆ. ಮೊಮ್ಮಗಳು ಓಡಲಿ ಎಂದು ಕಂಡದ್ದನ್ನು ಕಾಣದಂತೆ ನುಂಗಿಕೊಂಡಿದ್ದ ಆ ಮುದುಕಿ, ನನ್ನ ಹೆಸರನ್ನೂ ನುಂಗಿಕೊಂಡು, ಮೊಮ್ಮಗಳ ಮಾತಿಲ್ಲದೆ ಸತ್ತಳು.

ಜವರಿ ಇದ್ದಾಳೆ. ಅವಳ ಊರು ನನಗೆ ಗೊತ್ತು, ಯಾವಾಗಲೂ ಗೊತ್ತಿತ್ತು. ಸೋಮವಾರ ಹೋಗುತ್ತಿದ್ದೇನೆ. ಜೊತೆಗೆ ಯಾರೂ ಬರಬೇಡಿ. ಕ್ಷಮಿಸು ಎಂದು ಕೇಳಲು ಹೋಗುತ್ತಿಲ್ಲ, ಕೇಳುವ ಮುಖ ನನಗಿಲ್ಲ. ಅವಳ ಅಜ್ಜಿ ಅವತ್ತು ಚಪ್ಪರದಲ್ಲಿ ಏನು ಅಂದಳೋ ಅದನ್ನು ಅದೇ ಮಾತಿನಲ್ಲಿ ಅವಳಿಗೆ ಹೇಳಿ ಬರಬೇಕು. ಅವಳು ಅದಕ್ಕೆ ಏನೆಂದಳು ಎಂದು ಮನೆಗೆ ಬಂದ ಮೇಲೆ ನನ್ನನ್ನು ಕೇಳಬೇಡಿ. ಅದು ಅವರಿಬ್ಬರದು.