ಬಿಟಿ ಜೋಳ ತಿಂದು ಬದುಕಿದವಳ ಮದುವೆ

ಸೌಂದರ್ಯಾ ಕೆಲಸ ಮಾಡುವಲ್ಲಿ ಬೆಳಗಿನ ಚಹಾ ಮುಗಿಯುತ್ತಲೇ ರಾತ್ರಿಯಾಗುತ್ತಿತ್ತು. ಪತಂಗಗಳು ಸಂಸಾರ ಹೂಡುವುದು ಕತ್ತಲಲ್ಲಿ, ಸಂಬಳದವರು ಎಚ್ಚರವಿರುವುದು ಹಗಲಲ್ಲಿ. ಹಾಗಾಗಿ ಆಕ್ಲೆಂಡಿನ ಆ ಪ್ರಯೋಗಾಲಯದವರು ಸೂರ್ಯನನ್ನೇ ಒಂದು ಸ್ವಿಚ್ಚಿಗೆ ಕಟ್ಟಿಹಾಕಿದ್ದರು. ಉರಿಯುವುದು ಒಂದೇ ಕೆಂಪು ದೀಪ. ಅದು ಪತಂಗಗಳ ಕಣ್ಣಿಗೆ ಬೀಳದು. ಆ ಮಬ್ಬಿನಲ್ಲಿ ಸೌಂದರ್ಯಾ ಎಷ್ಟು ದಿನ ತೇಲಿದ್ದಳೆಂದರೆ, ರೈಲಿನಲ್ಲಿ ತಕಾನಿನಿಯ ಮನೆಗೆ ಮರಳುವಾಗ ಎದುರು ಕೂತವರ ಭುಜದ ಮೇಲೂ ಅವಳಿಗೆ ರೆಕ್ಕೆ ಕಾಣುತ್ತಿದ್ದವು.

ಗಂಡ ಕೇದಾರನೊಂದಿಗೆ ಹಾವೇರಿ ಕಡೆಯಿಂದ ಬಂದವಳು, ಕಾಯಿಕೊರಕ ಹುಳ ಸಾಕುವ ನೌಕರಿ ಹಿಡಿದಿದ್ದಳು. ಒಂದೊಂದು ಹುಳಕ್ಕೆ ಒಂದೊಂದು ಡಬ್ಬಿ. ಕೂಡಿ ಇಟ್ಟರೆ ದಾಯಾದಿಗಳಿಗಿಂತ ಬೇಗ ಒಂದನ್ನೊಂದು ಮುಗಿಸುತ್ತಿದ್ದವು. ಹುಳ ಕೊಲ್ಲುವ ಗುಣವನ್ನು ಗಿಡದೊಳಗೇ ಸೇರಿಸಿದ ಬಿಟಿ ಗೋವಿನಜೋಳದ ಎಲೆಪುಡಿ ಪರದೇಶದಿಂದ ಬರುತ್ತಿತ್ತು. ಅದನ್ನು ಆಹಾರಕ್ಕೆ ಬೆರೆಸಿ ಕೊಡುವುದು, ಸತ್ತವನ್ನು ಎತ್ತುವುದು ಅವಳ ಕೆಲಸ.

ಎರಡು ಸಾವಿರದ ಹದಿನಾಲ್ಕರ ಬೇಸಿಗೆಯಲ್ಲಿ ಒಂದು ಹುಳ ಸಾಯಲಿಲ್ಲ. ಬಿಟ್ಟಿದ್ದರೆ ಅದು ಡಬ್ಬಿ, ಮೇಜು, ಮುಖ್ಯಸ್ಥೆ ವಿಜಯಾ ಮೇಡಂರ ಪಿಎಚ್‌ಡಿ ಎಲ್ಲ ತಿಂದು ಪಾಪಕುರಾ ನಿಲ್ದಾಣದ ತನಕ ರೈಲು ಹಳಿ ಕಚ್ಚಿಕೊಂಡು ಹೋಗುತ್ತಿತ್ತು. ಕೋಶ ಕಟ್ಟಿ, ಹೆಣ್ಣು ಪತಂಗವಾಗಿ ಹೊರಬಂತು.

ಮೈಸೂರಿನ ವಿಜಯಾ ತಲೆಗೆ ಕೈ ಹಚ್ಚಿದರು. "ಇವಳ ಮಕ್ಕಳೂ ಬಿಟಿ ತಿಂದು ಬದುಕಿಬಿಟ್ರೆ ಕಷ್ಟ ಕಣೆ. ಇದಕ್ಕೇ ರೈತರು ಬಿಟಿ ಹೊಲದ ಪಕ್ಕದಲ್ಲಿ ಸಾದಾ ಜೋಳನೂ ಹಾಕೋದು. ಅಲ್ಲಿ ಬೆಳೆದ, ಬಿಟಿ ತಾಳದ ಬಡಪಾಯಿ ಗಂಡುಗಳು ಇಂಥವಳನ್ನ ಕಟ್ಕೊಂಡ್ರೆ, ಮಕ್ಕಳು ಅಪ್ಪನ ಥರ ಬಡಪಾಯಿಗಳೇ ಆಗ್ಬೇಕು. ಆಗ್ತಾವಾ ನೋಡೋಣ. ಬೇಗ ಜೋಡಿ ಮಾಡು, ಇವಳಿಗೆ ಆಯಸ್ಸು ಕಡಿಮೆ."

ಸೌಂದರ್ಯಾ ಅವಳಿದ್ದ ಪಂಜರಕ್ಕೆ ಒಂದು ಸಾದಾ ಗಂಡು ಪತಂಗವನ್ನು ಬಿಟ್ಟಳು. ದಿನ ಕಳೆದವು, ಏನೂ ಆಗಲಿಲ್ಲ.

ಮನೆಯಲ್ಲಿ ಅತ್ತೆ ರತ್ನವ್ವ ಪತಂಗದ ಸುದ್ದಿಗೆ ಕಾಯುತ್ತಿದ್ದರು. ಊರಿನಲ್ಲಿ ಅವರು ಸಂಬಂಧ ಕುದುರಿಸದೆ ಬಿಟ್ಟದ್ದು ಕೆರೆಯ ಎರಡು ದಂಡೆಗಳನ್ನು ಮಾತ್ರ.

"ಹುಡುಗಿ ಏನಂತಾಳ?"

"ಮೂಲ್ಯಾಗ ಕುಂತಾಳ ಅತ್ತೀ. ಅಂವ ಇನ್ನೊಂದು ಮೂಲ್ಯಾಗ."

"ಒಂದ ವರ ತೋರಿಸಿದ್ರ ಯಾರರೇ ಒಪ್ತಾರೇನ? ಮೂರ್ನಾಕು ತೋರಿಸು. ಬಾಯಿಗೆ ಸಿಹಿ ಇಟ್ಟೀಯೋ ಇಲ್ಲೋ?"

"ಸಕ್ರಿ ನೀರು ಇಟ್ಟೇನಿ."

"ಬರೇ ಸಕ್ರಿ ನೀರ್ನಾಗ ಮದುವಿ ಮುಗಸಾಕತ್ತಿ! ಮನಿ ಮರ್ಯಾದಿ ತಗದಿ ಬಿಡು."

ಮರುದಿನ ಸೌಂದರ್ಯಾ ನಾಲ್ವರು ವರರನ್ನು ಬಿಟ್ಟು, ಕುರ್ಚಿಯಲ್ಲಿ ಕೂತು ಕಾದಳು. ಗಾಳಿಯಂತ್ರದ ಜೋಗುಳಕ್ಕೆ ಕಣ್ಣು ಎಳೆಯಿತು. ಕೋಣೆಯ ಗೋಡೆಗಳು ಹಿಂದೆ ಸರಿದವು. ಕೆಂಪು ಬೆಳಕಿನಲ್ಲಿ ಜೋಳದ ಹೊಲ ತೂಗುತ್ತಿತ್ತು, ಅಂಚಿನ ಸಾದಾ ಸಾಲುಗಳಿಂದ ವರರು ಮೆಲ್ಲಗೆ ಎದ್ದು ಬರುತ್ತಿದ್ದರು, ಒಬ್ಬೊಬ್ಬರ ಮೈಮೇಲೂ ಚಿನ್ನದ ಪುಡಿ. ಕಣ್ಣು ಬಿಟ್ಟಾಗ ಪಂಜರದ ಮೇಲ್ಮೂಲೆಯಲ್ಲಿ ಎರಡು ಪತಂಗಗಳು ಬೆನ್ನು ತಿರುವಿ, ಬಾಲ ಕೂಡಿಸಿ, ಗದ್ದಲವಿಲ್ಲದೆ ಒಂದಾಗಿದ್ದವು. ಸೌಂದರ್ಯಾ ಉಸಿರು ಬಿಡಲೂ ಹೆದರಿದಳು.

ಪಂಜರಕ್ಕೆ ಹೊದಿಸಿದ ಬಟ್ಟೆಯ ತುಂಬ ಸಾಸಿವೆಗಿಂತ ಸಣ್ಣ ಮೊಟ್ಟೆಗಳಾದವು. ತಾಯಿ ಆ ವಾರವೇ ಸತ್ತಳು. ಮರಿಗಳು ಹೊರಬಂದಾಗ ಸೌಂದರ್ಯಾ ಕುಂಚದ ತುದಿಯಿಂದ ಅರ್ಧವನ್ನು ಸಾದಾ ಜೋಳದ ಮೇಲೆ ಇಟ್ಟಳು. ಉಳಿದರ್ಧಕ್ಕೆ ಬಿಟಿ. ತಾಯಿಯ ಗಟ್ಟಿತನ ಒಂದಕ್ಕಾದರೂ ಬಂದಿರಲಿ ಎಂದು, ಬರಬಾರದ ಆಸೆ ಬಂತು.

ಯಾವುದಕ್ಕೂ ಬರಲಿಲ್ಲ. ಬಿಟಿ ಡಬ್ಬಿಗಳಲ್ಲಿ ಮರಿಗಳು ಒಂದೆರಡು ತುತ್ತು ಕಚ್ಚಿ, ಸುರುಟಿಕೊಂಡು ಮಲಗಿದವು.

"ಒಂದೂ ಬದುಕಿಲ್ವಾ? ಗೆದ್ವಿ ಕಣೆ!" ವಿಜಯಾ ಅವಳನ್ನು ಅಪ್ಪಿಕೊಂಡರು. ಸೌಂದರ್ಯಾ ನಕ್ಕಳು, ಊಟದ ಡಬ್ಬಿ ಮಾತ್ರ ತೆರೆಯಲಿಲ್ಲ.

ಮನೆಯಲ್ಲಿ ರತ್ನವ್ವ ಸುದ್ದಿ ಕೇಳಿ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿದರು. "ಅಂದ್ರ, ಮಕ್ಕಳು ಸತ್ತ್ರ ಸಂಬಂಧ ಚಲೋ ಆತು ಅಂತ ಲೆಕ್ಕ?"

"ಹೊಲದೋರಿಗೆ ಚಲೋ ಆತು, ಅತ್ತೀ. ಸಾದಾ ಜೋಳ ತಿಂದವು ಬದುಕ್ಯಾವ. ತಾಯಿ ಗುಣಾ ಅವುಗಳ ಹೊಟ್ಟ್ಯಾಗ ಅಡಗೇತಿ, ಕಾಣಂಗಿಲ್ಲ ಅಷ್ಟ."

"ಎಷ್ಟು ದೊಡ್ಡವಾಗ್ಯಾವ?"

ಸೌಂದರ್ಯಾ ಕಿರುಬೆರಳಿನ ಉಗುರು ತೋರಿಸಿದಳು. ರತ್ನವ್ವ ಆ ಬೆರಳನ್ನು ಕೈಯಲ್ಲಿ ಹಿಡಿದು, ಕನ್ನಡಕ ಏರಿಸಿಕೊಂಡು, ಉಗುರನ್ನೇ ನೋಡುತ್ತ ಕೂತರು.