ಅಪ್ಪ ಮುದ್ದೆ ಅಗಿದ ದಿನ

ಜೀರ್ಣಾಂಗದ ಕಾಯಿಲೆಗಳನ್ನು ಓದಲು ಶುರು ಮಾಡಿದ ವಾರವೇ ಮನೆಯಲ್ಲಿ ಯಾರ ಹೊಟ್ಟೆಯ ಮೇಲೂ ನನಗೆ ನಂಬಿಕೆ ಉಳಿಯಲಿಲ್ಲ. ನನ್ನ ಬಾಯಲ್ಲೊಂದು ಹುಣ್ಣಾದರೆ ಕರುಳಿನ ಯಾವುದೋ ದೊಡ್ಡ ಕಾಯಿಲೆಯೇ ಬಂತು ಅನ್ನಿಸುತ್ತಿತ್ತು. ಅಮ್ಮ ತೇಗಿದರೆ ಅದು ಊಟಕ್ಕೆ ಮೊದಲೋ ಆಮೇಲೋ ಎಂದು ವಿಚಾರಿಸುತ್ತಿದ್ದೆ. ಅವಳು ಎರಡು ಸಲ ಉತ್ತರ ಕೊಟ್ಟಳು, ಮೂರನೆಯ ಸಲ ಸೌಟು ತೋರಿಸಿದಳು.

ನಾನು ಹೊರದೇಶದಲ್ಲಿ ವೈದ್ಯಕೀಯ ಓದಿ ಬಂದವಳು. ಹಾಗೆ ಓದಿದವರು ಇಲ್ಲಿ ರೋಗಿಯನ್ನು ಮುಟ್ಟಬೇಕಾದರೆ ಲೈಸೆನ್ಸಿನ ಪರೀಕ್ಷೆ ಪಾಸು ಮಾಡಬೇಕು. ನಾನು ಎರಡು ಸಲ ಫೇಲಾಗಿದ್ದೆ. ಹಾಗಾಗಿ ಹೆಬ್ಬಾಳದಾಚೆ ಸಿಂಗಾಪುರವೆಂಬ ನಮ್ಮೂರಿನ ಬೀದಿಯಲ್ಲಿ ನಾನು ಮದುವೆ ಪತ್ರಿಕೆಗಳ ಮೇಲೆ ಮಾತ್ರ ಡಾಕ್ಟರ್. ನಮ್ಮ ಹೊಲವಿದ್ದ ಕಡೆ ಲೇಔಟ್ ಎದ್ದು ಎಷ್ಟೋ ಕಾಲವಾದರೂ ಮನೆಯ ಊಟ ಬದಲಾಗಿರಲಿಲ್ಲ, ಎರಡು ಹೊತ್ತೂ ರಾಗಿ ಮುದ್ದೆ. ಕಾಯಿಲೆಯ ಹೆಸರೂ ಬದಲಾಗಿರಲಿಲ್ಲ. ಎದೆ ಉರಿದರೆ ಗ್ಯಾಸ್ಟ್ರಿಕ್, ಬೆನ್ನು ಹಿಡಿದರೆ ಗ್ಯಾಸ್ಟ್ರಿಕ್, ತಲೆ ಸುತ್ತಿದರೂ ಗ್ಯಾಸ್ಟ್ರಿಕ್. ನನ್ನ ಪುಸ್ತಕದಲ್ಲಿ ಆ ಪದಕ್ಕೆ ಜಠರಕ್ಕೆ ಸಂಬಂಧಿಸಿದ್ದು ಎಂದಷ್ಟೇ ಅರ್ಥ, ಕಾಯಿಲೆ ಯಾವುದೆಂದು ಆಮೇಲೆ ಹೇಳಬೇಕು. ನಮ್ಮ ಮನೆಯಲ್ಲಿ ಗ್ಯಾಸ್ಟ್ರಿಕ್ ಅಂದಮೇಲೆ ಮಾತು ಮುಗಿಯಿತು. ಅಪ್ಪನಂತೂ ವರ್ಷಗಟ್ಟಲೆ ಎದೆಯುರಿ ಎನ್ನುತ್ತ, ನೆನಪಾದಾಗ ಮೆಡಿಕಲ್ ಸ್ಟೋರಿನ ಮಾತ್ರೆ ನುಂಗುತ್ತ ಬಂದವನು.

ಅವತ್ತು ಬೆಳಿಗ್ಗೆ ಅನ್ನನಾಳದ ಪಾಠ ಮುಗಿಸಿದ್ದೆ. ನಾಳ ಕಿರಿದಾಗುತ್ತ ಬಂದರೆ ಮೊದಲು ಗಟ್ಟಿ ಪದಾರ್ಥ ಇಳಿಯುವುದಿಲ್ಲ, ಆಮೇಲೆ ಮೆತ್ತಗಿನದು, ಕೊನೆಗೆ ನೀರೂ ಇಳಿಯುವುದಿಲ್ಲ. ವಯಸ್ಸಾದವರಲ್ಲಿ ಹೀಗಾದರೆ ಮೊದಲು ಕ್ಯಾನ್ಸರಿನ ಮೇಲೆ ಅನುಮಾನ ಪಡಬೇಕು. ಇದನ್ನು ಬಾಯಿಪಾಠ ಮಾಡಿಕೊಂಡೇ ಊಟಕ್ಕೆ ಬಂದೆ. ಬಸ್ಸಾರು, ಮುದ್ದೆ. ತಲೆ ಎತ್ತಿ ನೋಡಿದರೆ ಅಪ್ಪ ಮುದ್ದೆ ಅಗಿಯುತ್ತಿದ್ದ.

ಮುದ್ದೆಯನ್ನು ನಮ್ಮಲ್ಲಿ ಯಾರೂ ಅಗಿಯುವುದಿಲ್ಲ. ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಅದ್ದಿ ನುಂಗುವುದು. ಚಿಕ್ಕವಳಿದ್ದಾಗ ನಾನು ಅಗಿದರೆ ಅಪ್ಪನೇ ನೆಂಟರ ಮುಂದೆ ನನ್ನ ಮಾನ ಕಳೆಯುತ್ತಿದ್ದ. ಅಂಥ ಅಪ್ಪ ಈಗ ದವಡೆ ಆಡಿಸುತ್ತಿದ್ದ, ಪ್ರತಿ ತುತ್ತಿಗೂ ಒಂದು ಗುಟುಕು ನೀರು ಕುಡಿಯುತ್ತಿದ್ದ.

ಅವತ್ತಿನಿಂದ ನಾನು ಕಳ್ಳನನ್ನು ಕಾಯುವವಳ ಹಾಗೆ ಅಪ್ಪನನ್ನು ಕಾದೆ. ಸ್ನಾನ ಮಾಡಿ ಬಂದಾಗ ನೋಡಿದೆ, ಸೊಂಟಕ್ಕೆ ಅಂಟಿಕೊಂಡಿರುತ್ತಿದ್ದ ಉಡಿದಾರ ಕೆಳಗೆ ಜಾರಿತ್ತು. ಅಮ್ಮನನ್ನು ಕೇಳಿದರೆ ಕೆರೆ ಸುತ್ತ ವಾಕಿಂಗ್ ಹೋಗುತ್ತಾರಲ್ಲ, ಕರಗಿದ್ದಾರೆ ಎಂದಳು. ವಾಕಿಂಗಿನವರೆಲ್ಲ ಸ್ಲಿಮ್ ಆಗಿದ್ದೀರಿ ಎಂದು ಅಪ್ಪನನ್ನು ಹೊಗಳುತ್ತಿದ್ದರು, ಅವನೂ ಹಿಗ್ಗುತ್ತಿದ್ದ. ನನಗೆ ನನ್ನ ಮೇಲೂ ಅನುಮಾನವಿತ್ತು. ಹಿಂದಿನ ವಾರವಷ್ಟೇ ಅಮ್ಮನಿಗೆ ಪಿತ್ತಕೋಶದ ಕಲ್ಲು ಎಂದು ತೀರ್ಮಾನಿಸಿದ್ದೆ, ಅವಳು ಹಲಸಿನ ಹಣ್ಣು ಜಾಸ್ತಿ ತಿಂದಿದ್ದಳಷ್ಟೆ. ರಾಗಿ ಮಿಲ್ಲಿನವನನ್ನೂ ಬಿಟ್ಟಿರಲಿಲ್ಲ. ಈಚೆಗೆ ಮುದ್ದೆ ಯಾಕೋ ಮೆತ್ತಗಾಗುತ್ತಿದೆ, ಅವನು ಹಿಟ್ಟಿಗೆ ಏನೋ ಬೆರೆಸುತ್ತಿದ್ದಾನೆ ಎಂದು ಗೊಣಗುತ್ತಿದ್ದೆ.

ನೇರವಾಗಿ ಕೇಳಿದರೆ ಅಪ್ಪ ಬಾಯಿ ಬಿಡುವವನಲ್ಲ. ಪರೀಕ್ಷೆಗೆ ಅಭ್ಯಾಸ ಮಾಡಬೇಕು, ನೀನು ರೋಗಿಯ ಪಾರ್ಟು ಮಾಡು ಎಂದೆ. ಜಗುಲಿಯ ಮೇಲೆ ನೆಟ್ಟಗೆ ಕೂತ. ನುಂಗಲು ಕಷ್ಟವಾಗುತ್ತದೆಯೇ ಎಂದರೆ ಒಂಚೂರು ಎಂದ. ಎಷ್ಟು ದಿನದಿಂದ ಎಂದಾಗ ಮಾತ್ರ ಯೋಚನೆಯನ್ನೇ ಮಾಡದೆ ಎರಡು ವಾರ ಎಂದುಬಿಟ್ಟ. ನಾನು ನೋಟ್‌ಬುಕ್ಕಿನಲ್ಲಿ ಎರಡು ವಾರ ಎಂದು ಬರೆದುಕೊಂಡೆ.

"ಪಾಸಾದ್ಯಾ?" ಎಂದು ಕೇಳಿ ನಕ್ಕ.

ನನಗೆ ನಗು ಬರಲಿಲ್ಲ. ಎರಡು ವಾರಕ್ಕೆ ಉಡಿದಾರ ಅಷ್ಟು ಸಡಿಲವಾಗುವುದಿಲ್ಲ.

ಮಾರನೆಯ ಮಧ್ಯಾಹ್ನ ನನ್ನ ಮುಂದೆ ಗತ್ತು ತೋರಿಸಲೆಂದೋ ಏನೋ, ಅಗಿಯದೆ ಒಂದು ತುತ್ತು ನುಂಗಿದ. ಅದು ಎದೆಯ ನಡುವೆ ನಿಂತುಬಿಟ್ಟಿತು. ಕಣ್ಣಲ್ಲಿ ನೀರು ತುಂಬಿ, ಎದ್ದು ಹಿತ್ತಲಿಗೆ ಹೋದ. ನಾನು ಹಿಂದೆಯೇ ಹೋದೆ. ಕಲ್ಲಿನ ತೊಟ್ಟಿಯ ಹತ್ತಿರ ಬಗ್ಗಿ ತುತ್ತನ್ನು ಹೊರಗೆ ಹಾಕಿ, ಬಾಯಿ ಒರೆಸಿಕೊಂಡು, "ಏನಿಲ್ಲ ಕಣವ್ವ, ಗ್ಯಾಸ್ಟ್ರಿಕ್ಕು" ಎಂದ.

ನನಗೆ ಸಿಟ್ಟು ನೆತ್ತಿಗೇರಿತು. ಅದಕ್ಕಿಂತ ಹೆಚ್ಚು ಭಯವಾಗಿತ್ತು. ನೀನು ಆಸ್ಪತ್ರೆಗೆ ಬರುವವರೆಗೂ ನಾನು ಪುಸ್ತಕ ತೆರೆಯುವುದಿಲ್ಲ ಎಂದೆ. ಬೇರೆ ಯಾವುದಕ್ಕೂ ಬಗ್ಗದವನು ಆ ಮಾತಿಗೆ ತಕ್ಷಣ ಒಳಗೆ ಹೋಗಿ ಶರಟು ಹಾಕಿಕೊಂಡ. ಇಷ್ಟು ಸುಲಭಕ್ಕೆ ಯಾಕೆ ಒಪ್ಪಿದ ಎಂದು ಅದರ ಮೇಲೂ ಅನುಮಾನ ಬಂತು.

ಹೆಬ್ಬಾಳದ ಆಸ್ಪತ್ರೆಯಲ್ಲಿದ್ದ ಡಾಕ್ಟರು ನನಗಿಂತ ಒಂದೆರಡು ವರ್ಷ ದೊಡ್ಡವರಿರಬಹುದು. ನಾನು ಕೇಳಿದ್ದನ್ನೇ ಅವರೂ ಕೇಳಿದರು. ಎಷ್ಟು ದಿನದಿಂದ? ಎರಡು ವಾರ ಎಂದು ನಾನೇ ಬಾಯಿ ಹಾಕಿದೆ. ಅಪ್ಪ ನನ್ನ ಮುಖ ನೋಡಿದ, ಆಮೇಲೆ ಅವರ ಕಡೆ ತಿರುಗಿದ.

"ಅಂಗಲ್ಲ ಸಾರ್. ಇವಳ್ದು ಹೋದ್ ಸಲದ ರಿಜಲ್ಟ್ ಬಂತಲ್ಲ, ಆವತ್ತಿಂದ."

ಯಾವ ರಿಸಲ್ಟ್ ಎಂದು ಡಾಕ್ಟರಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು. ಐದು ತಿಂಗಳು. ಅವತ್ತು ನಾನು ಕೋಣೆಯ ಬಾಗಿಲು ಹಾಕಿಕೊಂಡು, ಇನ್ನು ಓದುವುದಿಲ್ಲ ಎಂದು ಎರಡು ದಿನ ಊಟ ಬಿಟ್ಟಿದ್ದೆ.

ಎಂಡೋಸ್ಕೋಪಿ ಮಾಡಿ, ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ವರದಿ ಬರುವವರೆಗೆ ನಾನು ಒಂದು ಪುಟವನ್ನೂ ಓದಲಿಲ್ಲ. ಓದಿದರೆ ಏನು ಬರೆದಿರುತ್ತದೆ ಎಂದು ಗೊತ್ತಿತ್ತು. ಕ್ಯಾನ್ಸರ್ ಇಲ್ಲ ಎಂದು ವರದಿ ಬಂತು. ಅದು ನಮ್ಮದೇ ವರದಿಯೋ ಅಲ್ಲವೋ ಎಂದು ಅಪ್ಪನ ಹೆಸರು, ವಯಸ್ಸು ಎಲ್ಲ ಮೂರು ಸಲ ನೋಡಿದೆ. ವರ್ಷಗಟ್ಟಲೆ ಜಠರದ ಆಮ್ಲ ಮೇಲೆ ಬಂದು ಬಂದು ಅನ್ನನಾಳ ಸುಟ್ಟು, ಕಲೆಗಟ್ಟಿ ಕಿರಿದಾಗಿತ್ತು. ಬಲೂನಿನಿಂದ ಅದನ್ನು ಅಗಲ ಮಾಡಿದರು, ಮಾತ್ರೆ ತಪ್ಪಿಸಬಾರದು ಎಂದರು.

"ನಾನೇನಂದೆ, ಗ್ಯಾಸ್ಟ್ರಿಕ್ಕು ಅಂತ ತಾನೆ?" ಎಂದ ಅಪ್ಪ, ಮನೆಗೆ ಬರುವ ಆಟೊದಲ್ಲಿ.

ಡಾಕ್ಟರು ಹೇಳಿದಂತೆ ಕೆಲವು ದಿನ ಗಂಜಿ ಕುಡಿದು, ಆಮೇಲೆ ಒಂದು ಮಧ್ಯಾಹ್ನ ಮತ್ತೆ ಮುದ್ದೆಗೆ ಕೂತ. ಮುರಿದ, ಅದ್ದಿದ, ನುಂಗಿದ. ನಾನು ಅವನ ಗಂಟಲನ್ನೇ ನೋಡುತ್ತಿದ್ದೆ. ನನ್ನ ಮುಖ ನೋಡಬೇಡ, ಉಂಡು ಓದಿಕೋ ಹೋಗು ಎಂದು ಗದರಿದ. ಆಗ ನನ್ನ ತಟ್ಟೆಯ ಮುದ್ದೆ ಮುರಿದೆ. ಗಟ್ಟಿಯಾಗಿತ್ತು, ಮೊದಲಿನ ಹಾಗೆ. ಹಿಟ್ಟು ಅದೇ ಮಿಲ್ಲಿನದು.

ನಾನು ಅಮ್ಮನ ಕಡೆ ನೋಡಿದೆ. ಅವಳು ಸಾರು ಬಡಿಸಿದಳು. ಅಪ್ಪನಿಗೆ ಇಳಿಯಲಿ, ನನ್ನ ಓದು ನಿಲ್ಲದಿರಲಿ ಎಂದು ಐದು ತಿಂಗಳು ಎರಡು ಹೊತ್ತೂ ನೀರು ಜಾಸ್ತಿ ಹಾಕಿ ತಿರುವಿದ್ದಳು. ನಾನು ಅದನ್ನು ಉಂಡು, ಮಿಲ್ಲಿನವನನ್ನು ಬೈದು, ಓದಲು ಹೋಗುತ್ತಿದ್ದೆ. ಕೋಣೆಗೆ ಹೋಗಿ ನೋಟ್‌ಬುಕ್ ತೆರೆದು ಎರಡು ವಾರ ಎಂದಿದ್ದನ್ನು ಹೊಡೆದುಹಾಕಿ ಐದು ತಿಂಗಳು ಎಂದು ಬರೆದೆ. ತುಂಬ ಅಳು ಬಂತು.